ಉದ್ಘಾಟನೆಗೆ ಮುನ್ನ ತಲುಪಿದವರು

ಕಡೂರು-ತರೀಕೆರೆ-ಅಜ್ಜಂಪುರ ಮಹಿಳಾ ವೃತ್ತಿಪರ ಸೈಕಲ್ ಪಂದ್ಯದ ಮೊದಲ ಹಂತದಲ್ಲಿ, ನಲವತ್ತೆರಡು ಸವಾರರ ಪೈಕಿ ನಲವತ್ತೊಂದು ಮಂದಿ ಪಂದ್ಯ ಆರಂಭವಾಗುವುದಕ್ಕೆ ಮೊದಲೇ ಮುಗಿಸಿಬಿಟ್ಟಿದ್ದರಿಂದ, ಅವರನ್ನು ಗೈರುಹಾಜರೆಂದು ಪರಿಗಣಿಸಲಾಯಿತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ರಸ್ತೆ ಬಂದ್ ಮಾಡಲು ಸಿಕ್ಕಿದ್ದ ಅನುಮತಿ ಏಳರಿಂದ ಹತ್ತು ಗಂಟೆಯವರೆಗೆ ಮಾತ್ರ. ಆದಕಾರಣ ಮುಖ್ಯ ತೀರ್ಪುಗಾರರಾದ ಶ್ರೀವಾಣಿಯವರು ಏಳಕ್ಕೆ ಸರಿಯಾಗಿ ಕಡೂರಿನಲ್ಲಿ ಸೀಟಿ ಊದಿದರು, ಸವಾರರು ಹೊರಟರು. ಬಾವುಟ ಬೀಸಬೇಕಿದ್ದ ಮುಖ್ಯ ಅತಿಥಿಗಳು ಎರಡು ಮದುವೆ, ಒಂದು ನಾಮಕರಣ ಮುಗಿಸಿಕೊಂಡು ಹನ್ನೊಂದೂಕಾಲಿಗೆ ಬಂದರು. ಖಾಲಿ ರಸ್ತೆಗೆ ಬಾವುಟ ಬೀಸಿ, ಅದರ ಶಿಸ್ತನ್ನು ಮನಸಾರೆ ಹೊಗಳಿದರು.

ಅಷ್ಟರಲ್ಲಿ, ಮೂರು ಸಲದ ಚಾಂಪಿಯನ್ ಕೃತಿಕಾ ಬೀರೂರು ದಾಟಿ, ಲಕ್ಕವಳ್ಳಿ ಅಣೆಕಟ್ಟು ಮುಟ್ಟಿ, ತರೀಕೆರೆಗೆ ಮರಳಿ ಎಲ್ಲರಿಗಿಂತ ಮೊದಲು ಗೆರೆ ದಾಟಿ, ಸ್ನಾನ ಮುಗಿಸಿ ತಲೆ ಒಣಗಿಸಿಕೊಳ್ಳುತ್ತಿದ್ದಳು.

ಬಾವುಟ ಬೀಸಿದ ಮೇಲೆ, ಹನ್ನೊಂದು ಮುಕ್ಕಾಲಿಗೆ ಗೆರೆ ದಾಟಿದವಳು ಶಾಂಭವಿ ಒಬ್ಬಳೇ. ತನ್ನ ತಂಡದ ನಾಯಕಿ ಸ್ಫೂರ್ತಿಗೆ ನೀರಿನ ಬಾಟಲಿ ಹೊತ್ತು ತಂದುಕೊಡುವುದು ಅವಳ ಕೆಲಸ. ಒಂಬತ್ತು ವರ್ಷ ತುಳಿದರೂ ಒಂದು ಪದಕ ಕಂಡವಳಲ್ಲ. ಇದೇ ನಿನ್ನ ಕೊನೆಯ ಪಂದ್ಯ ಎಂದು ತಂಡದವರು ಹೇಳಿಯೂ ಆಗಿತ್ತು. ಆ ಬೆಳಿಗ್ಗೆ ಬೀರೂರಿನಲ್ಲಿ ಅವಳ ಟೈರು ಸಿಡಿಯಿತು. ಬೇರೆ ಚಕ್ರ ಹೊತ್ತಿದ್ದ ಜೀಪು ಮುಂದೆ ಹೋಗಿಬಿಟ್ಟಿತ್ತು. ಪಕ್ಕದ ಬೀದಿಯಲ್ಲೇ ಅವಳ ಮನೆ. ತಾಯಿ ಕಲ್ಲಮ್ಮ ಬಾಗಿಲಲ್ಲೇ ಸಿಕ್ಕಿದರು.

“ರೇಸು ಎಲ್ಲೋಯ್ತದೆ ಕಣೇ, ರೊಟ್ಟಿ ಆರೋಗ್ತದೆ. ಕೂತ್ಕೋ.”

ಒಂಬತ್ತಕ್ಕೆ ಸೈಕಲ್ ಶಾಪು ತೆರೆಯುವವರೆಗೆ ಅವಳು ನಾಲ್ಕು ಅಕ್ಕಿರೊಟ್ಟಿ ತಿಂದಳು. ಮೂರನ್ನು ಅಳುತ್ತಾ ತಿಂದಳು. ನಾಲ್ಕನೆಯದು ಚೆನ್ನಾಗಿತ್ತು.

ತರೀಕೆರೆಯಲ್ಲಿ ಸಂಘಟನಾ ಸಮಿತಿಯ ಕಾರ್ಯದರ್ಶಿ, ನಿವೃತ್ತ ಶಿರಸ್ತೇದಾರ ಲಕ್ಷ್ಮೀಪತಿಯವರು ಮೈಕಿನಲ್ಲಿ ಪ್ರಕಟಣೆ ಓದಿದರು:

“ನಿಯಮ ಹದಿನಾಲ್ಕರ ಮೇರೆಗೆ, ಬಾವುಟ ಬೀಸುವ ಮುನ್ನ ಆಗಮಿಸಿದವರನ್ನು ಸಾರ್ವಜನಿಕರೆಂದು ಭಾವಿಸತಕ್ಕದ್ದು. ಕುಮಾರಿ ಶಾಂಭವಿಯವರು ಎಂಬತ್ತು ಕಿಲೋಮೀಟರನ್ನು ಅರ್ಧ ಗಂಟೆಯಲ್ಲಿ ಕ್ರಮಿಸಿ ಪ್ರಥಮ, ದ್ವಿತೀಯ ಹಾಗೂ ತೃತೀಯ ಸ್ಥಾನಗಳನ್ನು ಗಳಿಸಿರುತ್ತಾರೆ.”

ಕೃತಿಕಾ ಒದ್ದೆ ತಲೆಯಲ್ಲೇ ಓಡಿ ಬಂದಳು. “ಸಾರ್, ನಾನು ಒಂಬತ್ತೂಕಾಲಿಗೇ ಬಂದಿದ್ದೀನಿ!”

“ನಿಮ್ಮ ಮೇಲಿರೋ ಆಪಾದನೆಯೇ ಅದು ಕಣಮ್ಮ.”

ಶಾಂಭವಿಯೂ ಬಂದಳು. “ಸಾರ್, ನಾನು ಗೆದ್ದಿಲ್ಲ. ಮನೇಲಿ ಕೂತ್ಕೊಂಡು ರೊಟ್ಟಿ ತಿಂತಿದ್ದೆ.”

“ಗೆದ್ದಿದೀನಿ ಅಂತ ತಕರಾರು ಹಾಕೋಕೆ ಫಾರಂ ಇದೆ. ಗೆದ್ದಿಲ್ಲ ಅನ್ನೋದಕ್ಕೆ ಇಲ್ಲ. ಸುಮ್ನೆ ಹಾರ ಹಾಕಿಸ್ಕೋ.”

ಅವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ತಗ್ಗಿಸಿದ್ದರಿಂದ ಮೂರೂ ಹಾರಗಳನ್ನು ಹಾಕಲು ಅನುಕೂಲವಾಯಿತು.

ಮಧ್ಯಾಹ್ನ ಸಮಿತಿಯದೇ ಸುರಕ್ಷತಾ ಉಪಸಮಿತಿಯಿಂದ ಅವಳಿಗೊಂದು ನೋಟಿಸು ಬಂತು. ಗಂಟೆಗೆ ನೂರಾ ಅರವತ್ತು ಕಿಲೋಮೀಟರ್ ವೇಗದಲ್ಲಿ ಸೈಕಲ್ ಚಲಾಯಿಸಿದ್ದೇಕೆ? ಮುಂದೆ ನಿಧಾನವಾಗಿ ಹೋಗುತ್ತೇನೆಂದು ಅವಳು ಬರೆದುಕೊಟ್ಟಳು. ಆ ಪತ್ರದ ನಕಲನ್ನು ಮಾದರಿ ಎಂದು ಎಲ್ಲ ತಂಡಗಳಿಗೂ ಹಂಚಲಾಯಿತು. ಶಾಂಭವಿಯ ತಂಡ ತಕ್ಷಣ ಅವಳನ್ನೇ ನಾಯಕಿ ಮಾಡಿತು. ಸ್ಫೂರ್ತಿ ಬಾಟಲಿ ತುಂಬಿಸಲು ಹೋದಳು.

ಸಂಜೆ ಕೃತಿಕಾ ಶಾಂಭವಿಯ ಕೋಣೆಯ ಬಾಗಿಲು ತಟ್ಟಿದಳು. ಅತ್ತು ಕಣ್ಣು ಕೆಂಪಾಗಿದ್ದವು.

“ಅಕ್ಕಾ, ನಂಗೆ ನಿಧಾನ ಬರಲ್ಲ. ಏನ್ ಮಾಡಿದ್ರೂ ಕಾಲು ಮುಂದಕ್ಕೇ ಹೋಗ್ತದೆ. ಹೇಳ್ಕೊಡಿ.”

ಶಾಂಭವಿಯನ್ನು ಇದುವರೆಗೆ ಯಾರೂ ಏನನ್ನೂ ಕೇಳಿದ್ದಿಲ್ಲ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಹಿಂದೆ ಬರೋರಿಗೆ ದಾರಿ ಬಿಡು. ಬಿಡುವಾಗ ಹೊಟ್ಟೆ ಉರ್ಕೋಬೇಡ. ಅಷ್ಟೇ ಕಣೇ. ನಂಗೆ ಅದಕ್ಕೇ ಒಂಬತ್ತು ವರ್ಷ ಹಿಡೀತು.”

ಮಾರನೆಯ ದಿನ ತರೀಕೆರೆಯಿಂದ ಅಜ್ಜಂಪುರದವರೆಗೂ ದಾರಿಯುದ್ದಕ್ಕೂ “ನೀವು ಮುಂದೆ ಹೋಗಿ”, “ಅಯ್ಯೋ, ಛೆ, ನೀವೇ ಹೋಗಿ” ಎಂಬ ತುರುಸಿನ ಪೈಪೋಟಿ ನಡೆಯಿತು. ಆದರೂ ಹತ್ತು ಗಂಟೆಗೆಲ್ಲ ನಲವತ್ತೆರಡು ಮಂದಿಯೂ ಗೆರೆಗೆ ಹತ್ತು ಅಡಿ ದೂರಕ್ಕೆ ಬಂದು, ಒಂದು ಕಾಲು ನೆಲಕ್ಕೂರಿ ನಿಂತರು. ಅಜ್ಜಂಪುರದ ಜನ ಮನೆಯಿಂದ ಕುರ್ಚಿ ತಂದು ಹಾಕಿಕೊಂಡರು. ಇಡೀ ಪಂದ್ಯ ಕೂತಲ್ಲಿಂದಲೇ ಕಾಣುವ ವ್ಯವಸ್ಥೆಯನ್ನು ಅವರು ಎಲ್ಲಿಯೂ ನೋಡಿರಲಿಲ್ಲ.

ಹಿಂದಿನ ದಿನ ರಾಜೀನಾಮೆ ಬರೆದು, ಅದಕ್ಕೂ ಫಾರಂ ಇಲ್ಲವೆಂದು ತಿಳಿದು ವಾಪಸು ಪಡೆದಿದ್ದ ಶ್ರೀವಾಣಿಯವರು ಒಂದು ಗಂಟೆಗೆ ಗೆರೆಯ ಪಕ್ಕದಿಂದಲೇ ತರೀಕೆರೆಗೆ ಫೋನ್ ಮಾಡಿದರು.

“ಬಾವುಟ ಬೀಸಿದ್ರಾ ಸಾರ್?”

“ಇಲ್ಲಮ್ಮ, ಅತಿಥಿಗಳು ಊಟಕ್ಕೆ ಕೂತಿದ್ದಾರೆ. ಈಗ ಪಾಯಸ ಬಂತು,” ಎಂದರು ಲಕ್ಷ್ಮೀಪತಿ.

ಶ್ರೀವಾಣಿಯವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ಮೈಕು ಎತ್ತಿಕೊಂಡು ಕೂಗಿದರು: “ಪಾಯಸ ಬಂದಿದೆ! ಪಂದ್ಯ ಅತ್ಯಂತ ರೋಚಕ ಘಟ್ಟಕ್ಕೆ ತಲುಪಿದೆ!”

ಜನ ಶಿಳ್ಳೆ ಹೊಡೆದರು. ಕೃತಿಕಾ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ತನ್ನ ಸೈಕಲ್ಲನ್ನು ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡಳು. ಅಜ್ಜಂಪುರಕ್ಕೆ ಅಜ್ಜಂಪುರವೇ ಕುರ್ಚಿ ಬಿಟ್ಟು ಎದ್ದು ನಿಂತಿತು.