ಉದ್ದಕ್ಕೋ ಅಡ್ಡಕ್ಕೋ

ದೂರು ಗುಮಾಸ್ತರ ಕೆಲಸವೇ ಹೂಂಗುಟ್ಟುವುದು. ಕಚೇರಿಯ ಕಿಟಕಿಯಾಚೆ ಜನ ಎಷ್ಟೇ ಕೂಗಾಡಲಿ, ಈಚೆಯಿಂದ ಇವರು ಹೂಂ ಅನ್ನುತ್ತಿದ್ದರು. ಇಪ್ಪತ್ತು ವರ್ಷದ ಆ ಅಭ್ಯಾಸ ಮನೆಗೂ ಬಂದುಬಿಟ್ಟಿತ್ತು. ಮಲಗುವ ಕೋಣೆಯ ಮರದ ನೆಲಕ್ಕೆ ಗೆದ್ದಲು ಹಿಡಿದಿದೆ ಎಂದು ಹೆಂಡತಿ ಮೂರು ವರ್ಷ ಹೇಳಿದಳು. ಇವರು ಮೂರು ವರ್ಷ ಹೂಂ ಅಂದರು. ಕೊನೆಗೊಂದು ಬೆಳಿಗ್ಗೆ ಆಕೆಯ ಕಾಲು ನೆಲವನ್ನು ತೂರಿಕೊಂಡು ಕೆಳಮನೆಯಾಕೆಯ ಅಡುಗೆಮನೆಯೊಳಗೆ ಮೊಣಕಾಲುವರೆಗೆ ಇಳಿಯಿತು.

ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ಏನೋ ಹೇಳಿದ್ದಳು. ಅದರಲ್ಲಿ ಹಲಗೆ ಹಾಕಿಸುವ ವಿಷಯವಿತ್ತು, ಉದ್ದ ಅಡ್ಡ ಅಂತಲೂ ಏನೋ ಇತ್ತು. ಗುಮಾಸ್ತರ ಕಣ್ಣು ಪೇಪರಿನ ಮೇಲಿತ್ತು.

ಎರಡು ತಿಂಗಳ ಮೇಲೆ, ಭಾನುವಾರ ಸಂಜೆ ಬರುತ್ತೇನೆಂದು ಆಕೆ ತಿಳಿಸಿದಳು. ಆ ಎರಡು ತಿಂಗಳಲ್ಲಿ ಗುಮಾಸ್ತರು ಗೋಡೆ ನೋಡುತ್ತಾ ಉಂಡು ಗೋಡೆ ನೋಡುತ್ತಾ ಮಲಗಿದ್ದರು. ಈ ಸಲ ಹೇಳಿದಂತೆ ಮಾಡಿಟ್ಟರೆ ಉಳಿದುಕೊಳ್ಳುತ್ತಾಳೆ, ಇಲ್ಲವಾದರೆ ಹೋಗಿಬಿಡುತ್ತಾಳೆ ಎಂಬ ಭಯ ಅವರನ್ನು ಹಿಂಡುತ್ತಿತ್ತು.

ಭಾನುವಾರ ಬೆಳಿಗ್ಗೆ ಬಡಗಿ ಕೇಳಿದ. "ತೊಲೆ ಮೇಲೆ ದಪ್ಪ ಪ್ಲೈವುಡ್ ಹೊಡ್ದಾಗಿದೆ ಸಾರ್. ಇನ್ನು ಹಲಗೆ ಹೇಗ್ ಬೇಕಾದ್ರೂ ಹಾಕ್ಬಹುದು. ಉದ್ದಕ್ಕೋ, ಅಡ್ಡಕ್ಕೋ?"

"ನಮ್ಮವಳು ಹೇಳಿದ್ದಾಳೆ."

"ಏನಂತ?"

"ಅದೇ ನೆನಪಾಗ್ತಿಲ್ಲ."

"ಫೋನ್ ಮಾಡಿ ಕೇಳಿ."

"ಕೇಳಿದ್ರೆ, ಅವತ್ತು ಕೇಳಿಸ್ಕೊಂಡಿಲ್ಲ ಅಂತ ಗೊತ್ತಾಗ್ಬಿಡುತ್ತಲ್ಲಪ್ಪಾ!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಒಳಗೆ ಬಂದರು. "ಕೋಣೆ ಕಿರಿದು. ಅಡ್ಡ ಹಾಕ್ಸಿ, ಅಗಲವಾಗಿ ಕಾಣುತ್ತೆ. ನಿಮ್ಮಾಕೆ ಬುದ್ಧಿವಂತೆ, ಅದನ್ನೇ ಹೇಳಿರ್ತಾರೆ."

ಬಡಗಿ ಅಡ್ಡ ಅಳತೆಗೆ ಕತ್ತರಿಸಿ, ಮಧ್ಯಾಹ್ನದ ಹೊತ್ತಿಗೆ ಹೊಡೆದು ಮುಗಿಸಿದ. ಸುತ್ತಿಗೆ ಸದ್ದಿಗೆ ರೋಸಿ ಕೆಳಮನೆಯಾಕೆ ಮೇಲೆ ಬಂದಳು.

"ಅಯ್ಯೋ, ಇದೇನ್ರೀ, ಏಣಿ ಮಲಗ್ಸಿದ ಹಾಗಿದೆ! ಕುಂಟ್ಕೊಂಡು ಬರೋರಿಗೆ ಪ್ರತಿ ಸಂದೀಲೂ ಊರುಗೋಲು ತಡೆಯಲ್ವಾ? ಉದ್ದಕ್ಕೇ ಹೇಳಿರ್ತಾರೆ. ಆ ಕಾಲನ್ನ ನಿಮಗಿಂತ ಮೊದ್ಲು ನೋಡ್ದೋಳು ನಾನು!"

ಗುಮಾಸ್ತರು ಬಡಗಿಯ ಕಡೆ ತಿರುಗಿದರು. "ಕೀಳಪ್ಪ ಎಲ್ಲಾನೂ," ಅಂದರು.

ಕೀಳುವಾಗ ಕೆಲವು ಹಲಗೆಗಳು ಸೀಳಿಹೋದವು. ಉಳಿದ ತುಂಡುಗಳನ್ನು ಒಂದರ ತಲೆಗೊಂದು ಕೂಡಿಸಿ ಉದ್ದಕ್ಕೆ ಹೊಡೆದರೂ ಕಿಟಕಿಯ ಪಕ್ಕ ಮೂರಡಿ ಬರಿದಾಗಿಯೇ ಉಳಿಯಿತು. ಮರದ ಅಂಗಡಿಗೆ ಅವತ್ತು ಬೀಗ. ಸಂಜೆ ನಾಲ್ಕಾಗಿತ್ತು. ಗುಮಾಸ್ತರು ಜೋಡಿಮಂಚದ ಹಾಸಿಗೆಯನ್ನು ಎಳೆದು ಮೂಲೆಗೆ ಹಾಕಿದರು.

"ಸಾರ್, ಇದು ಮಂಚ," ಅಂದ ಬಡಗಿ.

"ಹಲಗೆ ತಾನೇ? ಬಿಚ್ಚು!"

ಮೇಷ್ಟ್ರು ಒಂದು ಕಾಲು, ಕೆಳಮನೆಯಾಕೆ ಇನ್ನೊಂದು ಕಾಲು ಹಿಡಿದುಕೊಂಡರು. ಮಂಚ ಬಿಚ್ಚುವಾಗ ಮಾತ್ರ ಇಬ್ಬರಲ್ಲೂ ಒಮ್ಮತವಿತ್ತು.

ಕೊನೆಯ ಮೊಳೆ ಹೊಡೆಯುವಷ್ಟರಲ್ಲಿ ಹೆಂಡತಿ ಕೋಲೂರಿಕೊಂಡು ಬಂದಳು. ನಾಲ್ವರೂ ಗೋಡೆಗೆ ಅಂಟಿ ನಿಂತರು. ಆಕೆ ಹೊಸ ನೆಲದ ಮೇಲೆ ನಿಧಾನವಾಗಿ ನಡೆದು ಬೀರು ತೆರೆದಳು. ಬಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದಳು.

"ನೀನು ಹೇಳ್ದ ಹಾಗೇ ಹಾಕ್ಸಿದೀನಿ ಕಣೇ," ಅಂದರು ಗುಮಾಸ್ತರು.

ಆಕೆ ತಿರುಗಿ ನೋಡಿದಳು. "ನಾನು ಹೇಳ್ದ ಹಾಗಾ? 'ಹಲಗೆ ಉದ್ದಕ್ಕಾದ್ರೂ ಹಾಕಿಸ್ಕೊಳ್ಳಿ, ಅಡ್ಡಕ್ಕಾದ್ರೂ ಹಾಕಿಸ್ಕೊಳ್ಳಿ, ನಾನಂತೂ ಇನ್ನು ಈ ಮನೇಲಿರಲ್ಲ, ಬೇರೆಯಾಗಿಬಿಡೋಣ, ಆಗಬಹುದಾ?' ಅಂತ ಕೇಳಿದ್ದೆ. ನೀವು ಹೂಂ ಅಂದ್ರಿ." ಪೆಟ್ಟಿಗೆಯ ಮುಚ್ಚಳ ಒತ್ತಿದಳು. "ಎದ್ದು ಬಂದು ತಡೀತೀರೇನೋ ಅಂತ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ."

ಮೇಷ್ಟ್ರು ತಲೆ ತಗ್ಗಿಸಿದರು. ಕೆಳಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೋಗಬೇಡ ಅನ್ನಬೇಕೆಂದು ಗುಮಾಸ್ತರ ಜೀವ ಬಡಿದುಕೊಂಡಿತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಹಾಗಾದ್ರೆ... ಉದ್ದಕ್ಕೆ ಹಾಕ್ಸಿದ್ದು ತಪ್ಪೇನಲ್ಲ, ಅಲ್ವಾ?"

ಆಕೆ ಕೋಲೂರಿಕೊಂಡು ಬಾಗಿಲ ಕಡೆ ನಡೆದಳು. ಬಡಗಿಯೇ ಆಕೆಯ ಪೆಟ್ಟಿಗೆ ಹೊತ್ತುಕೊಂಡು ಕೆಳಗಿಳಿದ.