ನಮ್ಮ ಕಡೆ ಯಾರಿಗೂ ಬಿಪಿ ಇಲ್ಲ

ಅತ್ತೆ: ನಮ್ಮ ಕಡೆ ಯಾರಿಗೂ ಬಿಪಿ ಇಲ್ಲ ಅಂತ ಬರಿ. ಅಷ್ಟು ಬರೆಯೋಕೆ ಏನು ಕಷ್ಟ ನಿಂಗೆ?

ನನ್ನ ಗಂಡನಿಗೆ ಮೂವತ್ನಾಲ್ಕಕ್ಕೇ ರಕ್ತದೊತ್ತಡ ಏರಿದೆ. ಹೆತ್ತವರ ವಿವರ ತುಂಬಿಸಿ ತನ್ನಿ ಎಂದು ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು. ಇವರು ಆಫೀಸಿಗೆ ಹೋದರು. ಹಾಳೆ, ಬಿಪಿ ನೋಡುವ ಮಿಷನ್ನು, ನಾಲ್ಕು ತಿಂಗಳ ಮಗಳು, ಮೂರೂ ನನ್ನ ಪಾಲಿಗೆ.

ನಾನು: ಯಾರಾದ್ರೂ ಚೆಕ್ ಮಾಡಿಸಿದ್ರಾ ಅತ್ತೆ?

ಅತ್ತೆ: ಇಲ್ಲದ ಕಾಯಿಲೇನ ಯಾರು ಚೆಕ್ ಮಾಡಿಸ್ತಾರೆ?

ನಾನು: ನಿಮ್ಮಣ್ಣ?

ಅತ್ತೆ: ಅವನು ಸಿಟ್ಟು ಬಂದು ಬಿದ್ದ. ಬಿಪಿ ಬಂದಲ್ಲ.

ನಾನು: ನಿಮ್ಮಮ್ಮ?

ಅತ್ತೆ: ಕೂತಲ್ಲೇ ಹೋದ್ರು. ಪುಣ್ಯವಂತೆ.

ಮಾವ (ಪೇಪರಿನ ಹಿಂದಿನಿಂದ): ಇವಳ ದೊಡ್ಡಪ್ಪ, ಚಿಕ್ಕಪ್ಪನೂ ಹಾಗೇ. ಆ ಮನೇಲಿ ಕುರ್ಚಿ ಹಾಕಿದ್ರೆ ನಂಗೆ ಭಯ.

ಅತ್ತೆ: ನೀವು ಸುಮ್ನಿರಿ. ಮಗನ ಮೂಗು, ಕೂದಲು, ಲೆಕ್ಕದ ತಲೆ ಎಲ್ಲಾ ನಂದು. ರೋಗ ಅಂತಿದ್ರೆ ಅದು ನಿಮ್ಮ ಕಡೇದು.

ನಾನು: ಇದು ಒಂದು ಜೀನಿನ ಕೆಲಸ ಅಲ್ವಂತೆ ಅತ್ತೆ. ನೂರಾರು ಸಣ್ಣ ಸಣ್ಣ ವ್ಯತ್ಯಾಸ, ಅಪ್ಪನಿಂದ ಒಂದಷ್ಟು, ಅಮ್ಮನಿಂದ ಒಂದಷ್ಟು. ಇದ್ದೋರಿಗೆಲ್ಲ ಬಂದೇ ಬರುತ್ತೆ ಅಂತಲ್ಲ. ಮೊದಲೇ ಗೊತ್ತಾದ್ರೆ ಹುಷಾರಾಗಿರಬಹುದು. ಈ ಕೂಸಿನ ಅಪ್ಪ ಇನ್ನೂ ತುಂಬಾ ವರ್ಷ ಬೇಕು ನಂಗೆ.

ಮಗಳು ನನ್ನ ಭುಜದ ಮೇಲೆ ಜೊಲ್ಲು ಸುರಿಸಿ ಅದಕ್ಕೆ ಒಪ್ಪಿಗೆ ಕೊಟ್ಟಳು. ಮಾವ ತಾವಾಗಿಯೇ ತೋಳು ಚಾಚಿದರು. ನೂರ ಹದಿನೆಂಟು, ಎಪ್ಪತ್ತಾರು.

ಅತ್ತೆ: ಮಿಷನ್ನೇ ಕೆಟ್ಟಿದೆ.

ನಾನು: ಹಾಗಾದ್ರೆ ನೀವೂ ನೋಡಿಸ್ಕೊಳ್ಳಿ, ಕೆಟ್ಟಿದ್ಯೋ ಇಲ್ವೋ ಗೊತ್ತಾಗುತ್ತೆ.

ಆ ಬಲೆಗೆ ಅವರು ಬಿದ್ದರು. ಪಟ್ಟಿ ಸುತ್ತಿದ್ದೇ ತಡ, ಮಾವನ ಇಡೀ ವಂಶದ ಕಥೆ ಶುರು. ನೂರ ಎಪ್ಪತ್ತೆಂಟು.

ಅತ್ತೆ: ಮಾತಾಡಿದ್ದಕ್ಕೆ ಏರಿರೋದು!

ನಾನು: ಸರಿ, ಐದು ನಿಮಿಷ ತುಟಿ ಬಿಚ್ಚಬೇಡಿ. ಆಮೇಲೆ ನೋಡೋಣ.

ಅತ್ತೆ ಬಾಯಿ ಬಿಗಿದು ಕೂತರು. ಗಡಿಯಾರದ ಟಿಕ್ ಟಿಕ್ ಕೇಳಿಸಿತು.

ಮಾವ: ಈ ಮಿಷನ್ನು ಇಷ್ಟು ವರ್ಷ ಎಲ್ಲಿತ್ತು?

ನೂರ ಎಪ್ಪತ್ತೆರಡು, ನೂರು. ಮಾವ ಪೇಪರು ಮಡಿಚಿಟ್ಟರು.

ನಾನು: ಇವತ್ತು ಸಂಜೇನೇ ಡಾಕ್ಟರ ಹತ್ರ ಹೋಗೋಣ ಅತ್ತೆ. ಮಾತ್ರೆ ಇದೆ, ಹೆದರ್ಕೋಬೇಡಿ.

ಅತ್ತೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, 'ತಾಯಿ' ಎಂಬುದರ ಮುಂದೆ 'ಇದೆ' ಎಂದು ದೊಡ್ಡದಾಗಿ ಬರೆದರು. 'ತಂದೆ' ಎಂಬುದರ ಮುಂದೆ 'ಇಲ್ಲ'. ಎರಡನ್ನೂ ಒಮ್ಮೆ ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡರು.

ಅತ್ತೆ: ನೋಡ್ದೆಯಾ? ಈ ಮನೆಗೆ ಏನು ಬರಬೇಕಾದ್ರೂ ನಾನೇ ತರಬೇಕು. ನಿಮ್ಮ ಮಾವನ್ನ ನಂಬ್ಕೊಂಡಿದ್ರೆ ಇದೂ ಬರ್ತಿರ್ಲಿಲ್ಲ!