ಮೂವರು ಸೊಸೆಯರು, ಒಂದು ಹೋಳಿಗೆ

ನನ್ನ ಅಕ್ಕನ ಮಗಳು ತೇಜಶ್ರೀಯ ಮದುವೆ ಸಂಬಂಧವನ್ನು ನನ್ನ ನಾಲಿಗೆಯ ಬಲವೊಂದರಿಂದಲೇ ಕುದುರಿಸಿ ಬರುತ್ತೇನೆ ಎಂದು ಆವತ್ತು ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಶಪಥ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ನನ್ನ ಹೆಂಡತಿ ಗಂಗಾಂಬಿಕಾ ನನ್ನನ್ನು ಚಳ್ಳಕೆರೆಯಲ್ಲೇ ಬಿಟ್ಟು ಹೋಗುತ್ತಿದ್ದಳು!

ನಾನು ಬಾಲರಾಜು. ಇಲ್ಲೇ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಶೇಂಗಾದಿಂದ ಎಣ್ಣೆ ತೆಗೆಯುವುದು ಮಿಲ್ಲಿನ ಕೆಲಸ. ಜನರ ತಲೆಯಿಂದ ಎಣ್ಣೆ ತೆಗೆಯುವುದು ನನ್ನ ಕೆಲಸ. ಅಂದರೆ, ಒಗಟು ಹೇಳುವುದು. ಚಹಾದಂಗಡಿ, ಬ್ಯಾಂಕಿನ ಸಾಲು, ಕ್ಷೌರದಂಗಡಿ, ಎಲ್ಲಿ ನಾಲ್ಕು ತಲೆ ಕಂಡರೂ ಒಂದು ಒಗಟು ಎಸೆದುಬಿಡುತ್ತೇನೆ. ಕ್ಷೌರದಂಗಡಿಯವನು ಯೋಚನೆಗೆ ಬಿದ್ದು ಒಬ್ಬರ ಅರ್ಧ ಮೀಸೆ ಹಾರಿಸಿದ ಮೇಲೆ ಅಲ್ಲಿ ನನಗೆ ಕುರ್ಚಿ ಕೊಡುವುದಿಲ್ಲ. ಹೋಗಲಿ ಬಿಡಿ, ಪ್ರತಿಭೆಗೆ ಕುರ್ಚಿ ಯಾಕೆ?

ನಿಮಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ನಾನು ಹೇಳುವ ಎಷ್ಟೋ ಒಗಟುಗಳಿಗೆ ಉತ್ತರ ನನಗೇ ಗೊತ್ತಿರುವುದಿಲ್ಲ. ಫೋನಿಗೆ ಬಂದದ್ದನ್ನು ಹಾಗೇ ಎದುರಿನವರ ಮುಂದೆ ಇಡುತ್ತೇನೆ. ಅವರು ಒದ್ದಾಡಿ ಬಿಡಿಸುತ್ತಾರೆ. ನಾನು ಬೆನ್ನು ತಟ್ಟಿ "ಶಭಾಷ್!" ಎನ್ನುತ್ತೇನೆ. ಇಷ್ಟೇ ಕಸುಬು! ಇದರಲ್ಲಿ ಎಂಥ ಅಪಾಯವಿದೆ ಎಂದು ನನಗೆ ಮೊಳಕಾಲ್ಮೂರಿಗೆ ಹೋಗುವವರೆಗೂ ತಿಳಿದಿರಲಿಲ್ಲ.

ಹುಡುಗ ತಿಪ್ಪೇರುದ್ರ ಮೊಳಕಾಲ್ಮೂರಿನವನು. ಮನೆಯಲ್ಲೇ ಮಗ್ಗಗಳಿವೆ, ರೇಷ್ಮೆ ಸೀರೆ ನೇಯುವ ಕುಟುಂಬ. ಇಬ್ಬರು ಅಣ್ಣಂದಿರು ಮಗ್ಗಕ್ಕೆ ಕೂರುತ್ತಾರೆ, ಇವನು ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗಿನ ಚಿತ್ತಾರ ಬರೆಯುತ್ತಾನೆ. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಈಗ ನಾವು ಹೋಗಿ ಮನೆ ನೋಡಿ, ಮಾತು ಗಟ್ಟಿ ಮಾಡಿಕೊಂಡು ಬರಬೇಕಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ರೇಣುಕಮ್ಮ ಒಬ್ಬಳೇ ದುಡಿದು ಮಗಳನ್ನು ಓದಿಸಿದ್ದಾಳೆ. ಹಿಂದೆ ಒಂದೆರಡು ಸಂಬಂಧ ಕೈತಪ್ಪಿ ಅವಳಿಗೆ ಹೆದರಿಕೆ ಹತ್ತಿಬಿಟ್ಟಿತ್ತು. ಆದ್ದರಿಂದ ಹಿರಿಯ ಗಂಡಸಾಗಿ ಯಜಮಾನಿಕೆ ನನ್ನ ಪಾಲಿಗೆ ಬಂತು.

ಬಾಡಿಗೆ ಕಾರಿನಲ್ಲಿ ಹೊರಟೆವು. ಹುಡುಗಿ ಹೋಗುವ ಪದ್ಧತಿ ಇಲ್ಲ ಎಂದು ಅಕ್ಕ ಹೇಳಿದರೂ ತೇಜಶ್ರೀ ಕೇಳಲಿಲ್ಲ.

"ಆ ಮನೆಯಾಗೆ ಬಾಳೋಳು ನಾನು. ನೋಡೋರು ಮಾತ್ರ ನೀವಾ?" ಎಂದು ಮುಂದಿನ ಸೀಟಿನಲ್ಲೇ ಕೂತಳು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಊರವರ ರಕ್ತ ಪರೀಕ್ಷಿಸುವವಳು. ಅವಳೊಂದಿಗೆ ವಾದ ಮಾಡಿದರೆ ನಮ್ಮ ರಕ್ತದೊತ್ತಡ ಏರುತ್ತದೆ.

ದಾರಿಯಲ್ಲಿ ತಳಕು ಊರು ದಾಟುವಾಗ ಗಂಗಾಂಬಿಕಾ ನನ್ನ ಕಡೆ ತಿರುಗಿದಳು.

"ರೀ, ಒಂದ್ ಮಾತು. ಅಲ್ಲಿ ಒಗಟು-ಗಿಗಟು ಅಂತ ಬಾಯಿ ತೆಗೀಬ್ಯಾಡ್ರಿ."

"ಒಗಟು ಅಂದ್ರೆ ನಿಂಗೇನು ಗೊತ್ತು? ಒಗಟು ಇದ್ದಲ್ಲಿ ಒಗ್ಗಟ್ಟು ಇರ್ತೈತೆ!"

"ಇರೋ ಒಗ್ಗಟ್ಟನ್ನ ಒಡೀದಿದ್ರೆ ಸಾಕು. ಅತ್ತಿಗೆ, ನೀವಾದ್ರೂ ಹೇಳ್ರಿ."

"ಲೇ ಬಾಲು, ನಿಂಗೆ ಕೈ ಮುಗೀತೀನಿ ಕಣಪ್ಪ," ಎಂದು ಅಕ್ಕ ನಿಜಕ್ಕೂ ಕೈ ಮುಗಿದಳು. ನಾನು ಮಾತು ಕೊಟ್ಟೆ. ಕೊಡುವಾಗ ಮನಸ್ಸು ಶುದ್ಧವಾಗಿಯೇ ಇತ್ತು.

ಹುಡುಗನ ತಂದೆ ಯರ್ರಪ್ಪನವರು ಬಾಗಿಲಲ್ಲೇ ನಿಂತಿದ್ದರು. ಕಟ್ಟಿದ ಕಚ್ಚೆ, ಹೆಗಲ ಮೇಲೆ ಶಲ್ಯ, ಮಿತವಾದ ನಗು. ಒಳಗಿನಿಂದ ಮಗ್ಗದ ಟಕಟಕ ಕೇಳುತ್ತಿತ್ತು. ಚಾಪೆ ಹಾಸಿದರು. ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಬಂತು. ಹುಡುಗನ ತಾಯಿ ಉಚ್ಚಂಗೆಮ್ಮನವರು ನಮ್ಮೆದುರು ಕೂತರು. ಹಿರಿ ಸೊಸೆ, ನಡುವಿನ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹುಡುಗ ಕಂಬಕ್ಕೆ ಒರಗಿದ. ಆಮೇಲೆ... ಮೌನ!

ಎಂಥ ಮೌನ ಅಂತೀರಿ! ನಾನು ಮಂಡಕ್ಕಿ ಅಗಿಯುವ ಸದ್ದು ನನಗೇ ಗುಡ್ಡ ಒಡೆಯುವ ಸದ್ದಿನಂತೆ ಕೇಳುತ್ತಿತ್ತು. "ಈ ಸಲ ಬಿಸಿಲು ಜಾಸ್ತಿ," ಎಂದರು ಯರ್ರಪ್ಪನವರು. "ಹೌದು, ಜಾಸ್ತಿ," ಎಂದೆ. ಬಿಸಿಲು ಅಲ್ಲಿಗೆ ಮುಗಿಯಿತು. ಅಕ್ಕ ಸೆರಗಿನ ತುದಿ ತಿರುಚತೊಡಗಿದಳು. ಸಂಬಂಧವೊಂದು ನನ್ನ ಕಣ್ಣೆದುರೇ ಒಣಗಿ ಸಾಯುತ್ತಿರುವಾಗ ನಾನು ಕೊಟ್ಟ ಮಾತನ್ನು ನೋಡಲೇ, ಅಕ್ಕನ ಮಗಳ ಬಾಳನ್ನು ನೋಡಲೇ?

"ಆ ಕಡೆಗೂ ಓಡ್ತಾನೆ, ಈ ಕಡೆಗೂ ಓಡ್ತಾನೆ, ಬಾಲ ಬಿಡ್ತಾ ಬಿಡ್ತಾ ಸೀರೆ ಮಾಡ್ತಾನೆ. ಯಾರು?" ಎಂದೆ.

"ಲಾಳಿ!" ಎಂದು ಇಡೀ ಮನೆ ಒಟ್ಟಿಗೆ ಕೂಗಿತು. ಮಗ್ಗದ ಕೋಣೆಯಿಂದಲೂ "ಲಾಳಿ!" ಎಂದು ಎರಡು ದನಿ ಬಂತು. ನೇಕಾರರ ಮನೆಯಲ್ಲಿ ಲಾಳಿಯ ಒಗಟು! ಎಲ್ಲರೂ ನಕ್ಕರು. ಉಚ್ಚಂಗೆಮ್ಮನವರಿಗಂತೂ ಹುರುಪೇ ಬಂದುಬಿಟ್ಟಿತು.

"ನಂದೊಂದು ಬಿಡಿಸ್ರಿ. ಉಂಡ್ರೆ ಎದ್ದು ನಿಲ್ತಾನೆ, ಹಸಿದ್ರೆ ಬಿದ್ಕೊಂತಾನೆ. ಚೆಪ್ಪಂಡಿ ಚೂದ್ದಾಂ, ಹೇಳ್ರಿ ನೋಡಾನ!"

"ಚೀಲ!" ಎಂದಳು ತೇಜಶ್ರೀ.

"ಪರವಾಗಿಲ್ವೇ, ಹುಡುಗಿ ಚುರುಕು ಐತೆ!" ಎಂದು ಅವರು ತೊಡೆ ತಟ್ಟಿದರು. ನಾನು ಗಂಗಾಂಬಿಕಾಳ ಕಡೆ ಗೆದ್ದ ನೋಟ ಬೀರಿದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇಂದಿಗೂ ಗೌರವಾನ್ವಿತನಾಗಿರುತ್ತಿದ್ದೆ.

"ಇದೆಲ್ಲ ಮಕ್ಕಳಾಟ. ತಲೆಗೆ ಕೆಲಸ ಕೊಡೋದೊಂದು ಐತೆ," ಎಂದು ಮೀಸೆ ತೀಡಿದೆ. ಬೆಳಿಗ್ಗೆಯಷ್ಟೇ ಫೋನಿಗೆ ಬಂದದ್ದು. ಎಂದಿನಂತೆ ಉತ್ತರ ಗೊತ್ತಿರಲಿಲ್ಲ. "ಒಂದು ಮನೆ. ಮೂವರು ಸೊಸೆಯರು. ದೇವರ ಎಡೆಗೆ ಅಂತ ಎತ್ತಿಟ್ಟ ಹೋಳಿಗೆ ಮಾಯ! ಮೂವರಲ್ಲಿ ಒಬ್ಬಳು ತಿಂದವಳೆ. ಹಿರಿ ಸೊಸೆ ಅಂತಾಳೆ, 'ನಡುವಿನೋಳು ತಿಂದ್ಲು.' ನಡುವಿನೋಳು ಅಂತಾಳೆ, 'ನಾನು ತಿಂದಿಲ್ಲ.' ಕಿರಿ ಸೊಸೆ ಅಂತಾಳೆ, 'ನಾನೂ ತಿಂದಿಲ್ಲ.' ಮೂರು ಮಾತಿನಾಗೆ ಒಂದು ಮಾತ್ರ ನಿಜ. ಹಂಗಾದ್ರೆ, ಕಳ್ಳಿ ಯಾರು?"

ಗಂಗಾಂಬಿಕಾ ನನ್ನ ತೊಡೆ ಚಿವುಟಿದಳು. ಯಾಕೆಂದು ನನಗೆ ಹೊಳೆಯಲಿಲ್ಲ. ಇಬ್ಬರು ಸೊಸೆಯರು ಇರುವ ಮನೆ, ಮೂರನೆಯವಳನ್ನು ಕೊಡಲು ಬಂದವರು ನಾವು ಎಂಬ ಸರಳ ಲೆಕ್ಕ ಈ ಒಗಟು ಸಾಮ್ರಾಟನ ತಲೆಗೆ ಹೋಗಲೇ ಇಲ್ಲ!

ಹುಡುಗ ತಿಪ್ಪೇರುದ್ರ ಕಣ್ಣು ಮುಚ್ಚಿ, ಬೆರಳು ಆಡಿಸಿ, ಇದ್ದಕ್ಕಿದ್ದಂತೆ ಕಂಬ ಬಿಟ್ಟು ಮುಂದೆ ಬಂದ.

"ಸಿಕ್ತು! ನಡುವಿನೋಳು ತಿಂದಿದ್ರೆ ಹಿರಿಯೋಳ ಮಾತೂ ನಿಜ, ಕಿರಿಯೋಳ ಮಾತೂ ನಿಜ. ಎರಡಾದ್ವು, ಆಗಲ್ಲ. ಹಿರಿಯೋಳು ತಿಂದಿದ್ರೆ ಉಳಿದಿಬ್ಬರ ಮಾತೂ ನಿಜ. ಅದೂ ಆಗಲ್ಲ. ಹೋಳಿಗೆ ತಿಂದೋಳು ಕಿರಿ ಸೊಸೆ! ತಿಂದು ಸುಳ್ಳೂ ಹೇಳವಳೆ!"

"ಶಭಾಷ್!" ಎಂದು ನಾನು ಅಭ್ಯಾಸಬಲದಿಂದ ಅವನ ಬೆನ್ನು ತಟ್ಟಿದೆ.

ತಟ್ಟಿದ ಕೈ ಅಲ್ಲೇ ನಿಂತಿತು. ಇಡೀ ಮನೆ ತೇಜಶ್ರೀಯನ್ನು ನೋಡುತ್ತಿತ್ತು. ಹುಡುಗನಿಗೂ ತಾನು ಯಾರನ್ನು ಕಳ್ಳಿ ಮಾಡಿದೆ ಎಂದು ಆಗ ಹೊಳೆದು, ಮತ್ತೆ ಕಂಬಕ್ಕೆ ಅಂಟಿಕೊಂಡ.

"ಏನ್ರೀ ಇದು?" ಉಚ್ಚಂಗೆಮ್ಮನವರ ದನಿ ತಗ್ಗಿತು. "ಮಾತು ಗಟ್ಟಿ ಮಾಡೋ ಹೊತ್ತಿಗೆ ಮನೆಗೆ ಬರೋ ಸೊಸೇನ ಕಳ್ಳಿ ಅಂತೀರಲ್ಲ. ನೀವು ಹುಡುಗಿ ಕಡೆಯೋರಾ, ಇಲ್ಲಾ ಸಂಬಂಧ ಮುರಿಯೋಕೆ ಬಂದೋರಾ?"

"ಲೇ ಬಾಲು!" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಏನಾದರೂ ಮಾಡಲೇಬೇಕು! ಮಾಡಿದೆ.

"ತಪ್ಪು ತಪ್ಪು! ನಾನೇ ಅದಲು ಬದಲು ಹೇಳ್ಬಿಟ್ಟೆ. ಕಿರಿ ಸೊಸೆ ಚಿನ್ನದಂಥೋಳು. ಹೋಳಿಗೆ ತಿಂದಿದ್ದು ಹಿರಿ ಸೊಸೆ!"

ಅಡುಗೆಮನೆಯ ಬಾಗಿಲಿನಿಂದ ಸೌಟು ಮೊದಲು ಬಂತು, ಹಿಂದೆಯೇ ಹಿರಿ ಸೊಸೆ.

"ನಾನಾ? ಈ ಮನೆಗೆ ಕಾಲಿಟ್ಟಾಗಿಂದ ಒಲೆ ಮುಂದೆ ಬೆಂದೋಳು ನಾನು! ಎಲ್ರಿಗೂ ಬಡಿಸಿ ತಳ ಕೆರೆದು ಉಣ್ಣೋಳು ನಾನು! ನಿಮಗೆ ಯಾರು ಹೇಳಿದ್ರು?"

ನಡುವಿನ ಸೊಸೆ ಕಿಸಕ್ಕನೆ ನಕ್ಕಳು. ಮುಳುಗುವವನಿಗೆ ಆ ನಗು ದಡದಂತೆ ಕಂಡಿತು.

"ಛೆ, ನೀವಲ್ಲ ತಾಯಿ! ನಡುವಿನೋರು!"

ನಗು ನಿಂತಿತು. "ಅಕ್ಕ, ಇವ್ರಿಗೆ ನೀನೇ ಹೇಳ್ಕೊಟ್ಯಾ? ಪಂಚಮಿ ಹಬ್ಬದಾಗೆ ಶೇಂಗಾ ಉಂಡೆ ಡಬ್ಬಿ ಖಾಲಿ ಆದಾಗಲೂ ನೀನು ನನ್ ಕಡೇನೇ ನೋಡಿದ್ದೆ!"

"ನೋಡಿದ್ರೆ ಏನಾಯ್ತು? ಡಬ್ಬಿ ನಿನ್ ಕೋಣೆ ಅಟ್ಟದ ಮೇಲೆ ಇತ್ತು!"

"ಅಟ್ಟ ನಂದಾದ್ರೆ ಹಲ್ಲೂ ನಂದೇನಾ?"

ಮಗ್ಗದ ಸದ್ದು ನಿಂತಿತು. ಇಬ್ಬರು ಅಣ್ಣಂದಿರೂ ಮಗ್ಗದ ಗುಂಡಿಯಿಂದ ಎದ್ದು ಬಂದು ತಂತಮ್ಮ ಹೆಂಡತಿಯರ ಹಿಂದೆ ನಿಂತರು. ರಾಮ-ಲಕ್ಷ್ಮಣರಂತಿದ್ದವರು, ನಾನು ಒಂದು ಹೋಳಿಗೆಯಿಂದ ಮನೆಯನ್ನು ಎರಡು ಪಾಲು ಮಾಡಿದ್ದೆ! ಅತ್ತೆಯಾದವರು ನಡುವೆ ಬಂದು "ಸುಮ್ನಿರ್ರಿ!" ಎಂದು ಗದರಿದರು. ನನಗೆ ಇನ್ನೊಂದು ದಾರಿ ಹೊಳೆಯಿತು. ಸೊಸೆಯರನ್ನು ಬಿಟ್ಟುಬಿಟ್ಟರೆ?

"ನಿಜ ಹೇಳ್ಬೇಕು ಅಂದ್ರೆ ಸೊಸೆಯರು ಯಾರೂ ತಿಂದಿಲ್ಲ. ತಿಂದಿದ್ದು ಅತ್ತೆ!"

ಉಚ್ಚಂಗೆಮ್ಮನವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನನ್ನ ಮುಂದಿದ್ದ ಮಂಡಕ್ಕಿ ತಟ್ಟೆಯನ್ನು ಎತ್ತಿಕೊಂಡರು, ಅಷ್ಟೇ. ಗಂಗಾಂಬಿಕಾ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದಳು.

ಆ ಮನೆಯಲ್ಲಿ ನಾನು ಕಳ್ಳತನ ಹೊರಿಸದೆ ಉಳಿದಿದ್ದ ಹಿರಿಯರು ಒಬ್ಬರೇ. ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಮಾವ! ಮಾವನೇ ತಿಂದಿದ್ದು!"

ಯರ್ರಪ್ಪನವರು ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟರು. ಮುಖ ಬಿಳುಚಿಕೊಂಡಿತು.

"ಅದು..." ಎಂದು ಹೆಗಲ ಶಲ್ಯ ಸರಿಮಾಡಿಕೊಂಡರು. "ಆ ಉಂಡೆ ವಿಷಯ ನಿಮಗೆ ಹೆಂಗೆ ಗೊತ್ತಾಯ್ತು?"

ಎರಡನೆಯ ಮೌನ. ಮೊದಲನೆಯದು ಇದರ ಮುಂದೆ ಗದ್ದಲ!

"ಸಕ್ಕರೆ ಕಾಯಿಲೆ ಇಟ್ಕೊಂಡು?" ಎಂದರು ಉಚ್ಚಂಗೆಮ್ಮನವರು.

"ಒಂದೇ ಅಂತ ತಗೊಂಡೆ ಕಣೇ. ಬೆಲ್ಲ ಒಳ್ಳೇದಿತ್ತು."

"ಡಬ್ಬೀನೇ ಖಾಲಿ ಆಗಿತ್ತಲ್ಲ ಮಾವ!" ಎಂದರು ಸೊಸೆಯರಿಬ್ಬರೂ ಒಂದೇ ದನಿಯಲ್ಲಿ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚಮಿಯಿಂದ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲವಂತೆ. ಹಿರಿಯವಳ ಸೌಟು ಕೆಳಗಿಳಿಯಿತು. ನಡುವಿನವಳು ಅವಳ ಭುಜಕ್ಕೆ ಮುಖ ಒತ್ತಿ ನಗತೊಡಗಿದಳು. ಅಣ್ಣಂದಿರು ನಕ್ಕರು. ಅಪ್ಪನೂ ನಾಚಿಕೊಂಡು ನಕ್ಕರು. "ಅಟ್ಟ ಹತ್ತೋಕೆ ಏಣಿ ಹಿಡ್ಕೊಂಡೋರು ಯಾರು ಮಾವ?" ಎಂದು ತೇಜಶ್ರೀ ಕೇಳಿದ್ದೇ ತಡ, ಕಂಬಕ್ಕೆ ಅಂಟಿದ್ದ ತಿಪ್ಪೇರುದ್ರ ಇನ್ನಷ್ಟು ಅಂಟಿಕೊಂಡ. ಇಡೀ ಮನೆ ಬಿದ್ದು ಬಿದ್ದು ನಕ್ಕಿತು.

ನಗು ಇಳಿದ ಮೇಲೆ ಅವಳು ಅವನನ್ನೇ ನೇರವಾಗಿ ಕೇಳಿದಳು.

"ಅಲ್ಲ ರೀ, ಕಿರಿ ಸೊಸೆ ಕಳ್ಳಿ ಅಂತ ಅಷ್ಟು ಜೋರಾಗಿ ಹೇಳಿದ್ರಲ್ಲ, ಎದುರಿಗೆ ಯಾರು ಕೂತವ್ರೆ ಅಂತ ನೋಡ್ಬಾರ್ದಾ?"

"ಲೆಕ್ಕದಾಗೆ ಹಂಗೆ ಬಂತು ರೀ," ಎಂದ ಪಾಪ, ತಲೆ ತಗ್ಗಿಸಿ. "ಮುಖ ನೋಡಿ ಉತ್ತರ ಬದಲಾಯಿಸೋಕೆ ನಂಗೆ ಬರಲ್ಲ."

ತೇಜಶ್ರೀ ನನ್ನನ್ನೊಮ್ಮೆ ನೋಡಿದಳು. ಮುಖ ನೋಡಿ ಉತ್ತರ ಬದಲಾಯಿಸಿದವನ ಕಿವಿ ಬಿಸಿಯಾಯಿತು. ಆಮೇಲೆ ಅವಳು ತಾಯಿಯ ಕಡೆ ತಿರುಗಿ, "ಅವ್ವ, ನಂಗೆ ಒಪ್ಪಿಗೆ," ಎಂದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಚ್ಚಂಗೆಮ್ಮನವರು ತೇಜಶ್ರೀಯ ಕೈ ಹಿಡಿದು ಒಳಗೆ ಮಗ್ಗ ತೋರಿಸಲು ಕರೆದುಕೊಂಡು ಹೋದರು. ಹೋಗುವಾಗ ನನ್ನ ಮಂಡಕ್ಕಿ ತಟ್ಟೆಯನ್ನು ವಾಪಸ್ ಇಟ್ಟರು. ಮೆಣಸಿನಕಾಯಿ ಮಾತ್ರ ಇರಲಿಲ್ಲ.

ಹೀಗೆ ಸಂಬಂಧ ಕುದುರಿತು. ಕುದುರಿಸಿದವನು ನಾನೇ ಎಂದು ನಾನು ಮಿಲ್ಲಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ವಾರದೊಳಗೆ ಎರಡೂ ಮನೆಯವರು ಸೇರಿ ಮದುವೆಯ ಮಾತುಕತೆಗೆಂದು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದರು. ನನ್ನನ್ನೂ ಸೇರಿಸಿದರು! ಸಂತೋಷದಿಂದ ಕಣ್ಣು ತುಂಬಿ, ಎರಡೂ ಕುಟುಂಬಗಳ ಬಾಂಧವ್ಯಕ್ಕೆ ತಕ್ಕ ಒಂದು ಒಗಟು ಹಾಕೋಣವೆಂದು ಫೋನು ತೆರೆದೆ. ಬರೆಯುವ ಜಾಗವೇ ಇಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಎಂದು ಕೆಳಗೆ ಬರೆದಿತ್ತು.

ಒಳ್ಳೆಯ ಶಿಸ್ತು ಎಂದುಕೊಂಡೆ. ಆದರೆ ಗುಂಪಿನಲ್ಲಿ ಟಿಣ್ ಟಿಣ್ ನಿಲ್ಲಲೇ ಇಲ್ಲ! ಹಿರಿ ಸೊಸೆ ಸೀರೆಯ ಫೋಟೊ ಹಾಕಿದಳು. ನಡುವಿನವಳು ಅಡುಗೆಯವರ ನಂಬರು ಹಾಕಿದಳು. ಯರ್ರಪ್ಪನವರು ಗುಲಾಬಿ ಹೂವಿನ ಜೊತೆ ಶುಭೋದಯ ಹಾಕಿದರು. ಟೈಪು ಮಾಡಲು ಬಾರದ ನಮ್ಮಕ್ಕ ಕೂಡ ಕೈ ಮುಗಿದ ಚಿತ್ರ ಕಳಿಸಿದಳು.

ಗಂಗಾಂಬಿಕಾ ಪಕ್ಕದಲ್ಲೇ ಕೂತು ಏನೋ ಬರೆಯುತ್ತಾ ಮುಗುಳ್ನಗುತ್ತಿದ್ದಳು.

"ಏನೇ ಇದು? ಅಡ್ಮಿನ್ ಮಾತ್ರ ಹಾಕ್ಬೇಕು ಅಂತೈತೆ. ಇಷ್ಟು ಜನ ಹೆಂಗೆ ಹಾಕ್ತಾ ಅವ್ರೆ? ಈ ಗುಂಪಿಗೆ ಅಡ್ಮಿನ್ ಯಾರು?"

"ಬುದ್ಧಿವಂತರಲ್ವಾ, ಬಿಡಿಸ್ರಿ ನೋಡೋಣ."

ಯೋಚಿಸಿದೆ. ತಲೆ ಕೆರೆದೆ. ಚಹಾ ಆರಿತು.

"ಸೋತೆ ಕಣೇ. ಯಾರು ಹೇಳು."

ಅವಳು ಫೋನಿನಿಂದ ತಲೆಯೆತ್ತದೆ ಹೇಳಿದಳು:

"ನಿಮ್ಮೊಬ್ಬರನ್ನ ಬಿಟ್ಟು ಎಲ್ರೂ!"